ಬೀಜ ಉಳಿದರೆ ಸಾಲದು, ಹೊಲವೂ ಬೇಕು

ಮಕ್ಕಳೇ, ಹವಳ ಎಂದೊಡನೆ ನಿಮಗೆ ಸರದಲ್ಲಿ ಪೋಣಿಸಿದ ಕೆಂಪು ಮಣಿ ನೆನಪಾಗಬಹುದು. ನಾನು ಹೇಳುತ್ತಿರುವುದು ಬೇರೊಂದು ಹವಳದ ಕಥೆ. ಇದರ ಹೆಸರು ಎಲ್ಕ್‌ಹಾರ್ನ್. ಎಲ್ಕ್ ಎಂದರೆ ನಮ್ಮ ಕಡವೆಯಂಥ ದೊಡ್ಡ ಪ್ರಾಣಿ. ಅದರ ಕವಲೊಡೆದ ಕೊಂಬಿನಂತೆ ಕಾಣುವುದರಿಂದ ಈ ಹೆಸರು ಬಂದಿದೆ. ಕೆರಿಬಿಯನ್ ಸಮುದ್ರದಲ್ಲಿ ಮತ್ತು ಅಮೆರಿಕದ ಫ್ಲಾರಿಡಾ ಕರಾವಳಿಯಲ್ಲಿ, ಹೆಚ್ಚು ಆಳವಿಲ್ಲದ ತಿಳಿನೀರು ಇದರ ನೆಲೆ.

ಇದು ಗಿಡವಲ್ಲ, ಬರಿಯ ಕಲ್ಲೂ ಅಲ್ಲ. ಪಾಲಿಪ್ ಎಂಬ ಪುಟ್ಟ ಪ್ರಾಣಿಗಳ ಊರು! ಅವು ನೀರಿನಲ್ಲಿ ಕರಗಿರುವ ಲವಣಗಳಿಂದ ಸುಣ್ಣದ ಗೂಡು ಕಟ್ಟುತ್ತವೆ. ಕೊಂಬೆಯೊಂದು ವರ್ಷಕ್ಕೆ 5ರಿಂದ 10 ಸೆಂಟಿಮೀಟರ್ ಬೆಳೆಯುತ್ತದೆ. ಇಂಥ ಕೊಂಬೆಗಳು ಸಾವಿರಾರು ವರ್ಷ ಒಂದರ ಮೇಲೊಂದು ಸೇರಿ ಹವಳದ ದಿಬ್ಬವಾಗುತ್ತದೆ. ಮೀನು, ಸಿಗಡಿಗಳಿಗೆ ಅದು ಮನೆ. ದಡದ ಜನರಿಗೆ ಅಲೆಗಳ ರಭಸ ತಡೆಯುವ ಗೋಡೆ.

ಪಾಲಿಪ್‌ಗಳ ಮೈಯೊಳಗೆ ಸೂಕ್ಷ್ಮ ಪಾಚಿಗಳಿವೆ. ಬಿಸಿಲಿನಲ್ಲಿ ಆಹಾರ ತಯಾರಿಸಿ ಹವಳಕ್ಕೆ ಉಣಿಸುವುದು ಅವೇ. ನೀರು ತೀರ ಬಿಸಿಯಾದರೆ ಹವಳ ಆ ಪಾಚಿಯನ್ನು ಕಳೆದುಕೊಂಡು ಬೆಳ್ಳಗಾಗುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. 1970ರ ದಶಕದಿಂದ ರೋಗಕ್ಕೆ ತುತ್ತಾಗಿ ಸೊರಗಿದ್ದ ಎಲ್ಕ್‌ಹಾರ್ನ್‌ಗೆ 2023ರ ಬೇಸಿಗೆ ದೊಡ್ಡ ಪೆಟ್ಟು ಕೊಟ್ಟಿತು. ಫ್ಲಾರಿಡಾ ಕೀಸ್ ದ್ವೀಪಗಳ ಬಳಿ ನೂರರಲ್ಲಿ 97ಕ್ಕೂ ಹೆಚ್ಚು ಹವಳಗಳು ಸತ್ತವು. ಫ್ಲಾರಿಡಾದಲ್ಲಿ ಉಳಿದಿರುವ ಕೆಲವೇ ಹವಳಗಳು ಇನ್ನು ದಿಬ್ಬ ಕಟ್ಟಲಾರವು ಎಂದು 2025ರಲ್ಲಿ ವಿಜ್ಞಾನಿಗಳು ತಿಳಿಸಿದರು.

ಈಗ ಅಲ್ಲಿನ ವಿಜ್ಞಾನಿಗಳು ಹವಳದ ತುಂಡುಗಳನ್ನು ನೆಲದ ಮೇಲಿನ ತೊಟ್ಟಿಗಳಲ್ಲಿ ಜೋಪಾನ ಮಾಡಿದ್ದಾರೆ. ಇದು ಮೆಚ್ಚಬೇಕಾದ ಕೆಲಸ. ಆದರೆ ಇಷ್ಟಾದರೆ ಹವಳ ಉಳಿಯಿತು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಏಕೆ ಗೊತ್ತೇ? ಹಿಂದೆ ಹೀಗೆಯೇ ಸಾಕಿ ಸಮುದ್ರದಲ್ಲಿ ನೆಟ್ಟಿದ್ದ ತುಂಡುಗಳಲ್ಲಿ ಬಹುಪಾಲು 2023ರ ಬಿಸಿಗೆ ಸತ್ತವು. ರೈತ ಬಿತ್ತನೆ ಬೀಜವನ್ನು ಕಣಜದಲ್ಲಿ ಕಾಪಾಡುತ್ತಾನೆ. ಬಿತ್ತಲು ಹೊಲವೇ ಇಲ್ಲದಿದ್ದರೆ ಆ ಬೀಜದಿಂದ ಏನು ಫಲ? ತೊಟ್ಟಿಯ ಹವಳಕ್ಕೆ ತಣ್ಣನೆಯ ಸಮುದ್ರವೇ ಹೊಲ.

ಸಮುದ್ರ ಬಿಸಿಯಾಗುತ್ತಿರುವುದಕ್ಕೆ ಮುಖ್ಯ ಕಾರಣ ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಉರಿಸಿದಾಗ ಬರುವ ಕಾರ್ಬನ್ ಡೈಆಕ್ಸೈಡ್. ನೀವೊಂದು ದೀಪ ಆರಿಸಿದರೆ ಎಲ್ಕ್‌ಹಾರ್ನ್ ಬದುಕುತ್ತದೆ ಎಂದು ನಾನು ಸುಳ್ಳು ಹೇಳಲಾರೆ. ಇದು ಎಲ್ಲ ದೇಶಗಳ ದೊಡ್ಡವರು ಸೇರಿ ಮಾಡಬೇಕಾದ ಕೆಲಸ. ಆದರೆ "ಬೀಜ ಇಟ್ಟಿದ್ದೀರಿ, ಹೊಲ ಎಲ್ಲಿ?" ಎಂದು ಅವರನ್ನು ಕೇಳುವ ಹಕ್ಕು ನಿಮಗಿದೆ. ಕೇಳುತ್ತೀರಲ್ಲವೇ?