ಅಯೋಡಿನ್ ಬಣ್ಣ ಹೋದ್ರ ಎಣ್ಣಿ ಶುದ್ಧ ಅಂತ ಅಲ್ಲ



ಸಾಲಿ ಮಕ್ಕಳ ವಿಜ್ಞಾನ ಪ್ರಯೋಗದಾಗ ಇದೊಂದು ಇರತೈತಿ. ಗಾಜಿನ ನಳಿಕೆಯಾಗ ಬ್ಯಾರೆ ಬ್ಯಾರೆ ಎಣ್ಣಿ, ಅದಕ್ಕ ಟಿಂಕ್ಚರ್ ಅಯೋಡಿನ್ ಹನಿ. ಕಂದು ಬಣ್ಣ ಲಗೂನ ಹೋದ್ರ ಒಳ್ಳೆ ಎಣ್ಣಿ, ಹೋಗದಿದ್ರ ಕಲಬೆರಕೆ ಅಂತ ಕೆಲವರು ತೀರ್ಮಾನ ಮಾಡ್ತಾರ. ಪ್ರಯೋಗ ಖರೇನ ಐತಿ, ತೀರ್ಮಾನ ತಪ್ಪು. ಗಾಣದ ಎಣ್ಣಿ ಮಾರೋ ನಮಗ ಇದು ಹೊಟ್ಟಿಪಾಡಿನ ಮಾತು.

ಎಣ್ಣಿಯೊಳಗ ಇಂಗಾಲದ ಉದ್ದನ ಸರಪಳಿ ಇರತಾವ. ಅದರಾಗ ಅಲ್ಲಲ್ಲಿ ದ್ವಿಬಂಧ ಇದ್ರ ಅದನ್ನ ಅಪರ್ಯಾಪ್ತ ಅಂತಾರ. ಹತ್ತನೇ ತರಗತಿ ಪುಸ್ತಕದಾಗ ಓದಿದ ಶಬ್ದನ ಇದು. ಆ ದ್ವಿಬಂಧ ಅಯೋಡಿನ್ ಹಿಡಕೊಳ್ಳತೈತಿ, ಬಣ್ಣ ಮಾಯ ಆಗತೈತಿ. 100 ಗ್ರಾಂ ಎಣ್ಣಿ ಎಷ್ಟು ಗ್ರಾಂ ಅಯೋಡಿನ್ ಹಿಡೀತೈತಿ ಅನ್ನೋದೇ ಅಯೋಡಿನ್ ಮೌಲ್ಯ. ಕೊಬ್ಬರಿ ಎಣ್ಣಿಗೆ ಇದು 10ರ ಒಳಗ, ತುಪ್ಪಕ್ಕ 30ರ ಆಸುಪಾಸು, ಶೇಂಗಾ ಎಣ್ಣಿಗೆ 85ರಿಂದ 99, ಕುಸುಬಿ ಎಣ್ಣಿಗೆ 135ರ ಮ್ಯಾಲೆ.

ಅಂದ್ರ ಶುದ್ಧ ಕೊಬ್ಬರಿ ಎಣ್ಣಿಯಾಗ ಬಣ್ಣ ಹೋಗೋದೇ ಕಡಿಮಿ. ಅದು ಅದರ ಗುಣ, ದೋಷ ಅಲ್ಲ.

ಇನ್ನ ಕಲಬೆರಕೆ ಮಾತು. ಪಾಮೋಲಿನ್ ಮೌಲ್ಯ ಸುಮಾರು 60, ಸೂರ್ಯಕಾಂತಿದು ಸುಮಾರು 125. ಎರಡನ್ನೂ ಅರ್ಧಾ ಅರ್ಧಾ ಕೂಡಿಸ್ರಿ, 92ರ ಹತ್ರ ಬರತೈತಿ. ಶೇಂಗಾ ಎಣ್ಣಿ ಲೆಕ್ಕದೊಳಗ ಸರಿಯಾಗಿ ಕೂಡ್ತು! ಒಂದು ಹನಿ ಶೇಂಗಾ ಎಣ್ಣಿ ಇಲ್ಲದ ಮಿಶ್ರಣ ಈ ಪರೀಕ್ಷೆ ಪಾಸಾಗತೈತಿ. ಬೂಸ್ಟ್ ಹಿಡಿದ ಶೇಂಗಾದಿಂದ ಬರೋ ಅಫ್ಲಾಟಾಕ್ಸಿನ್ ವಿಷಾನೂ ಅಯೋಡಿನ್ನಿಗೆ ಕಾಣಂಗಿಲ್ಲ. ಅದಕ್ಕ ಕಾಳು ಚಲೋ ಒಣಗಿಸಿ, ಕೆಟ್ಟ ಕಾಳು ಆರಿಸಿ ತಗದ ಮ್ಯಾಲೆನ ಗಾಣಕ್ಕ ಹಾಕಬೇಕು.

ಹಂಗಾರ ಈ ಪ್ರಯೋಗ ಉಪಯೋಗಿಲ್ಲೇನು? ಐತಿ. ಅಯೋಡಿನ್ ಹಿಡಿಯೋ ದ್ವಿಬಂಧದ ಹತ್ರಾನ ಗಾಳಿಯ ಆಮ್ಲಜನಕಾನೂ ಕೈ ಹಚ್ಚತೈತಿ. ಅದಕ್ಕ ಕುಸುಬಿ ಎಣ್ಣಿಗೆ ಲಗೂನ ಕಮಟು ವಾಸನಿ ಬರತೈತಿ, ಕೊಬ್ಬರಿ ಎಣ್ಣಿ ತಡೀತೈತಿ. ಬಣ್ಣ ಬೇಗ ಹೋಗೋ ಎಣ್ಣಿ ಇದ್ರ ಒಮ್ಮೆಲೆ ಬಾಳ ತಗೀಬ್ಯಾಡ್ರಿ. ಬೇಡಿಕೆ ನೋಡಿ ಗಾಣ ಹಾಕ್ರಿ, ಬಾಯಿಮಟ ತುಂಬಿದ ಸಣ್ಣ ಡಬ್ಬಿಯಾಗ ಕತ್ತಲು, ತಂಪು ಜಾಗಾದಾಗ ಇಡ್ರಿ. ಗಿರಾಕಿಗೂ ಅದನ್ನ ಹೇಳಿ ಕೊಡ್ರಿ.

ಮಕ್ಕಳು ಮಾಡೋದಿದ್ರ ಎಲ್ಲಾ ನಳಿಕೆಗೂ ಒಂದ ಅಳತಿ ಎಣ್ಣಿ, ಅಷ್ಟ ಹನಿ, ಅದ ಬಿಸಿನೀರು ಇರಲಿ. ಎಣ್ಣಿ ಇಲ್ಲದ ಒಂದು ನಳಿಕೆನೂ ಜೋಡಿ ಇಡ್ರಿ, ಯಾಕಂದ್ರ ಬರೇ ಬಿಸಿಗೂ ಅಯೋಡಿನ್ ಸ್ವಲ್ಪ ಹಾರಿ ಹೋಗತೈತಿ. ಕಿಟಕಿ ತಗದಿರಲಿ, ಆ ಎಣ್ಣಿ ಅಡಿಗಿಗೆ ಬರಬಾರದು. ಕಡೀಕ ಚಾರ್ಟಿನಾಗ "ಯಾವ ಎಣ್ಣಿ ಒಳ್ಳೇದು" ಅನ್ನೋ ಬದಲಿ "ಯಾವುದರಾಗ ಅಪರ್ಯಾಪ್ತತೆ ಎಷ್ಟು" ಅಂತ ಬರಸ್ರಿ.

ನಿಮ್ಮೂರ ಸಾಲ್ಯಾಗ ಈ ಪ್ರಯೋಗ ಇಟ್ಟಿದ್ರ ಗುರುಗಳ ಜೋಡಿ ಕುಂತು ಇದನ್ನ ಮಾತಾಡ್ರಿ. ನಮ್ಮ ಎಣ್ಣಿಗೆ ಬರೋ ಹೆಸರು ನಮ್ಮ ಮಕ್ಕಳ ಚಾರ್ಟಿನಿಂದಾನೂ ಬರತೈತಿ.