ಜೋಡಿ ಆಟದಲ್ಲಿ ಹೊಸ ಹೊಡೆತದ ಕಲಿಕೆ

ಪಿಕಲ್‌ಬಾಲ್‌ನ ಹೊಸ ಹೊಡೆತವನ್ನು ಗೆಳೆಯರ ಆಟದ ನಡುವೆಯೇ ಕಲಿಯುವುದು ಸರಿಯೇ ಎಂಬ ಪ್ರಶ್ನೆ ಡಬಲ್ಸ್‌ನಲ್ಲಿ ತೊಡಕಿನದು. ತಪ್ಪುವುದು ಒಬ್ಬರ ಕೈ, ಸೋಲುವುದು ಇಬ್ಬರೂ.

ಎಲ್ಲ ಹೊಡೆತಗಳಿಗೂ ಒಂದೇ ಉತ್ತರವಿಲ್ಲ. ‘ಥರ್ಡ್ ಶಾಟ್ ಡ್ರಾಪ್’ ಅನ್ನೇ ನೋಡಬಹುದು. ಸರ್ವ್ ಆದ ಚೆಂಡೂ ಅದರ ಮರುಹೊಡೆತವೂ ಒಮ್ಮೆ ನೆಲಕ್ಕೆ ಪುಟಿಯಲೇಬೇಕು ಎಂಬ ನಿಯಮದಿಂದಾಗಿ ಸರ್ವ್ ಮಾಡಿದ ಜೋಡಿ ಹಿಂದಿನ ಗೆರೆಯ ಬಳಿಯೇ ಉಳಿಯುತ್ತದೆ. ಅಷ್ಟರಲ್ಲಿ ಎದುರಾಳಿಗಳು ನೆಟ್‌ನಿಂದ 7 ಅಡಿ ದೂರದ, ‘ಕಿಚನ್’ ಎಂದು ಕರೆಯುವ ಪಟ್ಟಿಯ ಗೆರೆಗೆ ಬಂದು ನಿಂತಿರುತ್ತಾರೆ. ಸುಮಾರು 22 ಅಡಿ ದೂರದಿಂದ, ನಡುವೆ 34 ಇಂಚು ಎತ್ತರವಿರುವ ನೆಟ್ ದಾಟಿಸಿ, ಆ 7 ಅಡಿಯೊಳಗೆ ಚೆಂಡನ್ನು ಮೆತ್ತಗೆ ಇಳಿಸಿದರೆ ಮುಂದೆ ಬರಲು ಸಮಯ ಸಿಗುತ್ತದೆ. ಕಷ್ಟದ ಹೊಡೆತವೇ, ಆದರೆ ಆಟದಲ್ಲಿ ಕಲಿಯಲು ಇದರಷ್ಟು ಅಗ್ಗದ್ದು ಇನ್ನೊಂದಿಲ್ಲ. ಮೂರನೆಯ ಹೊಡೆತ ಯಾವಾಗಲೂ ಸರ್ವ್ ಮಾಡಿದ ಜೋಡಿಯದೇ, ಸಾಂಪ್ರದಾಯಿಕ ಪದ್ಧತಿಯಲ್ಲಿ ಅಂಕ ಸಿಗುವುದು ಸರ್ವ್ ಮಾಡುವವರಿಗಷ್ಟೇ. ಅದು ತಪ್ಪಿದರೆ ಸರ್ವ್ ಕೈತಪ್ಪುತ್ತದೆಯೇ ಹೊರತು ಎದುರಾಳಿಗೆ ಅಂಕ ಹೋಗುವುದಿಲ್ಲ. ಸರ್ವ್ ಎದುರಿಸುವಾಗ ಹೊಸ ಬಗೆಯ ಮರುಹೊಡೆತವನ್ನು ಪ್ರಯತ್ನಿಸಿ ತಪ್ಪಿದರೆ ಮಾತ್ರ ಅಂಕವೇ ಹೋಗುತ್ತದೆ.

ಆದರೆ ಡ್ರಾಪ್ ಎತ್ತರವಾದರೆ ಪೆಟ್ಟು ಬೀಳುವುದು ಅದಾಗಲೇ ಮುಂದೆ ಓಡಿದ ಜೊತೆಗಾರರ ಮೇಲೆ, ಕೆಲವೊಮ್ಮೆ ಮೈಮೇಲೆಯೇ. ಆದ್ದರಿಂದ ಆಟಕ್ಕೆ ಮೊದಲೇ ಅವರಿಗೆ ಹೇಳುವುದು ಬರಿಯ ಸೌಜನ್ಯವಲ್ಲ. ಗೊತ್ತಿದ್ದರೆ ಅವರು ಚೆಂಡು ಹೇಗೆ ಇಳಿಯುತ್ತದೆಂದು ನೋಡಿಕೊಂಡೇ ಮುಂದೆ ಬರುತ್ತಾರೆ. ಒಪ್ಪದಿದ್ದರೆ ಆ ದಿನ ಬಲ್ಲ ಆಟವನ್ನೇ ಆಡಬೇಕು. ಅವರ ಸಂಜೆಯನ್ನು ತನ್ನ ಪಾಠಕ್ಕೆ ಬಳಸುವ ಹಕ್ಕು ಯಾರಿಗೂ ಇಲ್ಲ. ಒಪ್ಪಿದರೂ ಒಂದು ಆಟಕ್ಕೆ ಒಂದೇ ಹೊಡೆತ ಸಾಕು.

ಆಟದಲ್ಲಿ ಚೆಂಡು ಪ್ರತಿ ಸಲವೂ ಬೇರೆ ವೇಗದಲ್ಲಿ, ಬೇರೆ ಕಡೆಗೆ ಬರುತ್ತದೆ. ಅದರಿಂದ ಕಲಿಕೆ ಹದಗೆಡುತ್ತದೆ ಎಂಬ ಆಕ್ಷೇಪ ಪೂರ್ತಿ ನಿಲ್ಲದು. ಸಂಶೋಧಕರಾದ ಗುಡ್ ಮತ್ತು ಮ್ಯಾಗಿಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬ್ಯಾಡ್ಮಿಂಟನ್‌ನ ಮೂರು ಬಗೆಯ ಸರ್ವ್‌ಗಳನ್ನು ಗೊತ್ತಾದ ಕ್ರಮವಿಲ್ಲದೆ ಬೆರೆಸಿ ಅಭ್ಯಾಸ ಮಾಡಿದವರು, ಒಂದೊಂದನ್ನೇ ಮುಗಿಸುತ್ತ ಹೋದವರಿಗಿಂತ ನಂತರದ ಪರೀಕ್ಷೆಯಲ್ಲಿ ಮೇಲಾದರು. ಅದು ಪಂದ್ಯದ ಪ್ರಯೋಗವಲ್ಲ, ನಿಜ. ಆದರೂ ಅಭ್ಯಾಸದ ಹೊತ್ತಿನ ತಪ್ಪುಗಳನ್ನೇ ನೋಡಿ ಕಲಿಕೆಯನ್ನು ಅಳೆಯಬಾರದೆಂಬುದಕ್ಕೆ ಅದು ಆಧಾರ.

ಆಟದ ನಿಜವಾದ ಕೊರತೆ ಬೇರೆ. 11 ಅಂಕದ ಆಟದಲ್ಲಿ ಮೂರನೆಯ ಹೊಡೆತಗಳು ಇಬ್ಬರಿಗೂ ಹಂಚಿಹೋಗುವುದರಿಂದ ಒಬ್ಬರಿಗೆ ಸಿಗುವ ಅವಕಾಶ ಕಡಿಮೆ. ಪ್ಯಾಡಲ್ ಹಿಡಿತವಾಗಲಿ ಹೊಡೆತದ ಮೊದಲ ಚಲನೆಯಾಗಲಿ ಅಷ್ಟರಲ್ಲಿ ಕೈಗೆ ಹತ್ತುವುದಿಲ್ಲ. ಅದಕ್ಕೆ ಗೋಡೆಯೋ ತಾಳ್ಮೆಯಿಂದ ಚೆಂಡು ಕೊಡುವವರೋ ಬೇಕು. ನಡುವೆ ಬಂದ ಚೆಂಡು ಯಾರದು, ಯಾವಾಗ ಇಬ್ಬರೂ ಒಟ್ಟಿಗೆ ಮುಂದೆ ಸರಿಯಬೇಕು ಎಂಬುದನ್ನಾದರೋ ಗೋಡೆ ಕಲಿಸಲಾರದು. ಅದು ಜೊತೆಗಾರರೊಂದಿಗೆ ಆಡಿಯೇ ಬರಬೇಕು.