ನಾಯಿಕೊಡೆಯ ರುಚಿ

ಮನೆಯಲ್ಲಿದ್ದಾಗ ‘ನಾಯಿಕೊಡೆ’ ಎಂದು ಮೂಗು ಮುರಿದವರೇ ಪ್ರವಾಸದಲ್ಲಿ ಅದನ್ನು ಬಾಯಿ ಚಪ್ಪರಿಸಿ ತಿನ್ನುವುದುಂಟು. ಛತ್ರಾಕವನ್ನು ಮನುಸ್ಮೃತಿಯು ದ್ವಿಜರಿಗೆ ನಿಷೇಧಿಸಿತು. ಕೊಡಗಿನ ಅಡುಗೆಮನೆಯಾದರೋ ಅದನ್ನೇ ‘ಕುಮ್ಮು ಕರಿ’ಯಾಗಿಸಿ ಅತಿಥಿಗೆ ಬಡಿಸಿತು.

ಮಳೆಗಾಲದಲ್ಲಿ ಮಡಿಕೇರಿಗೆ ಹೋದ ಬೆಂಗಳೂರಿಗನು ಮೊದಲ ತುತ್ತಿಗೇ ಮನಸೋಲುತ್ತಾನೆ. ತಟ್ಟೆಗೆ ಬಂದುದು ಹುತ್ತದ ಅಣಬೆಯಾಗಿದ್ದರೆ ಅದನ್ನು ಬೆಳೆದ ರೈತ ಗೆದ್ದಲು! ನೆಲದೊಳಗೆ ಗೆದ್ದಲು ತನ್ನ ಆಹಾರಕ್ಕಾಗಿ ಸಾಕುವ ಶಿಲೀಂಧ್ರವೇ ಮಳೆಗೆ ಮಣ್ಣು ನೆನೆದಾಗ ಕೊಡೆಯಾಗಿ ಮೇಲೇಳುತ್ತದೆ.

ಊರಿಗೆ ಮರಳಿದವನಿಗೆ ಹಿತ್ತಿಲಿನ ಅಣಬೆಯೂ ಆಸೆ ಹುಟ್ಟಿಸೀತು. ಅಪಾಯವಿರುವುದು ಇಲ್ಲಿಯೇ. ಬೆಳ್ಳಿಯ ಚಮಚ ಕಪ್ಪಾಗದಿದ್ದರೆ ವಿಷವಿಲ್ಲವೆಂಬ ನಂಬಿಕೆ ಸುಳ್ಳು. ಅಮಾನಿಟಾ ಕುಲದ ಕೆಲವು ಅಣಬೆಗಳ ವಿಷ ಕುದಿಸಿದರೂ ಅಳಿಯದು. ಉಂಡು 6 ಗಂಟೆ ಕಳೆದ ಮೇಲೆ ವಾಂತಿಭೇದಿಯಾಗಿ ತಲೆದೋರಿ, ಯಕೃತ್ತನ್ನೇ ಕೆಡಿಸಿಬಿಡಬಲ್ಲದು.

ಕೊಡಗಿನ ಅಜ್ಜಿ ಬುಟ್ಟಿ ಹಿಡಿದು ಹೊರಟರೆ ತಲೆಮಾರುಗಳ ಕಣ್ಣು ಅವಳೊಡನೆ ಹೊರಡುತ್ತದೆ. ಪ್ರವಾಸಿಯು ಹೊತ್ತು ತಂದುದು ರುಚಿಯನ್ನು ಮಾತ್ರ. ಆದುದರಿಂದ ನಗರದವರು ಅಣಬೆಯನ್ನು ಮೆಚ್ಚಲಿ. ಬೇಸಾಯದ್ದನ್ನು ಅಂಗಡಿಯಲ್ಲಿ ಕೊಳ್ಳಲಿ, ಕಾಡಿನದನ್ನು ಬಲ್ಲವರ ಮನೆಯಲ್ಲಿ ಉಣ್ಣಲಿ.